ಮೊದಲ ಎರಡು ವಾರದ ಗಣಿತ

ಕಾಲೇಜಿನ ಗಣಿತ ತರಗತಿಯ ಮೊದಲ ದಿನ, ನುರಿತ ಉಪನ್ಯಾಸಕರು ಹಲಗೆಯ ಮೇಲೆ ಬರೆಯುವುದು ಸಾಮಾನ್ಯವಾಗಿ ತೀರಾ ಚಿಕ್ಕ ಲೆಕ್ಕ. (ಎಕ್ಸ್ + 3) ಅನ್ನು 3ರಿಂದ ಭಾಗಿಸಿದರೆ ಏನು ಬರುತ್ತದೆ? ಮೂರಕ್ಕೆ ಮೂರು ಹೊಡೆದು 'ಎಕ್ಸ್' ಎನ್ನುವವರು ಕೆಲವರು, 'ಎಕ್ಸ್ + 1' ಎನ್ನುವವರು ಇನ್ನು ಕೆಲವರು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ತೊಂಬತ್ತರ ಮೇಲೆ ಅಂಕ ಬಂದವರೂ ಈ ಎರಡು ಗುಂಪಿನಲ್ಲಿ ಇರುತ್ತಾರೆ. ಒಳ್ಳೆಯ ಮೇಷ್ಟ್ರು ಇದಕ್ಕೆ ಸಿಟ್ಟಾಗುವುದಿಲ್ಲ, ಸರಿಯುತ್ತರವನ್ನು ತಕ್ಷಣ ಹೇಳುವುದೂ ಇಲ್ಲ. "ಎಕ್ಸ್ ಇರೋ ಕಡೆ 6 ಹಾಕಿ ನೋಡ್ರಪ್ಪ" ಎನ್ನುತ್ತಾರೆ. 9ನ್ನು 3ರಿಂದ ಭಾಗಿಸಿದರೆ 3. 'ಎಕ್ಸ್' ಎಂದವರಿಗೆ 6 ಸಿಕ್ಕಿತು, 'ಎಕ್ಸ್ + 1' ಎಂದವರಿಗೆ 7. ತಮ್ಮ ಉತ್ತರ ತಪ್ಪು ಎಂದು ಅವರಿಗೆ ಯಾರೂ ಹೇಳಲಿಲ್ಲ, ಅವರೇ ಕಂಡುಕೊಂಡರು.

ಪಿಯುಸಿ ವಿಜ್ಞಾನದ ಮೊದಲ ವರ್ಷವಿರಲಿ, ಬಿ.ಎಸ್ಸಿ. ಇರಲಿ, ಡಿಪ್ಲೊಮಾ ಮುಗಿಸಿ ನೇರವಾಗಿ ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ಬರುವವರ ತರಗತಿಯಿರಲಿ, ಆರಂಭದಲ್ಲಿ ಕೆಲವು ದಿನ ಹಳೆಯ ಬೀಜಗಣಿತವನ್ನೂ ತ್ರಿಕೋನಮಿತಿಯನ್ನೂ ಮತ್ತೊಮ್ಮೆ ತಿರುವಿ ಹಾಕುವುದು ರೂಢಿ. ಶಾಲೆಗಳಲ್ಲಿ ಇಂಥದ್ದಕ್ಕೆ ಸೇತುಬಂಧ ಎನ್ನುತ್ತಾರೆ, ಕಾಲೇಜಿನಲ್ಲಿ ಬ್ರಿಡ್ಜ್ ಕೋರ್ಸ್. ಬಹಳಷ್ಟು ವಿದ್ಯಾರ್ಥಿಗಳ ಪಾಲಿಗೆ ಇದು ಹಾಜರಿಗಾಗಿ ಕೂರುವ ಪೀರಿಯಡ್ಡು. ಕೆಲವು ಅಧ್ಯಾಪಕರ ಪಾಲಿಗೂ ಅಷ್ಟೆ. ಹತ್ತನೇ ತರಗತಿಯ ಸೂತ್ರಗಳನ್ನು ಸಾಲಾಗಿ ಬರೆದು "ಇವೆಲ್ಲ ಗೊತ್ತಿರೋದೇ ಅಲ್ವಾ" ಎಂದು ಮುಂದಕ್ಕೆ ಹೋಗಿಬಿಡುವುದು ಸುಲಭ. ಅದೇ ಎರಡು ವಾರವನ್ನು ಚೆನ್ನಾಗಿ ನಡೆಸುವುದು ಮಾತ್ರ ಕುಶಲವಿದ್ಯೆ, ಕಲನಶಾಸ್ತ್ರ ಕಲಿಸುವುದಕ್ಕಿಂತಲೂ ಕಷ್ಟದ್ದು ಎಂದು ನನ್ನ ಅಭಿಪ್ರಾಯ. ಹೊಸ ವಿಷಯಕ್ಕೆ ಬರುವ ವಿದ್ಯಾರ್ಥಿ ಏನೂ ಗೊತ್ತಿಲ್ಲ ಎಂದು ಒಪ್ಪಿಕೊಂಡೇ ಬಂದಿರುತ್ತಾನೆ. ಇಲ್ಲಿ ಹಾಗಲ್ಲ. ಅರ್ಧ ಸರಿ ಅರ್ಧ ತಪ್ಪಾದ ತಿಳಿವಳಿಕೆ ಆಗಲೇ ಗಟ್ಟಿಯಾಗಿ ಕೂತಿದೆ, ಅದಕ್ಕೆ ಒಳ್ಳೆಯ ಅಂಕವೂ ಬಂದಿದೆ.

ಹಾಗಾಗಿ ಈ ಕಸುಬಿನ ಮೊದಲ ಗುಟ್ಟು ಲೆಕ್ಕಗಳ ಆಯ್ಕೆಯಲ್ಲಿದೆ. ಉತ್ತರವನ್ನು ಪರೀಕ್ಷಿಸಲು ಎಕ್ಸ್ ಜಾಗದಲ್ಲಿ ಯಾವ ಸಂಖ್ಯೆ ಹಾಕಬೇಕು ಎನ್ನುವುದರಲ್ಲೇ ಮೇಷ್ಟ್ರ ಅನುಭವ ಕಾಣುತ್ತದೆ. 0, 1, 2 ಮೂರೂ ಮೋಸಗಾರ ಸಂಖ್ಯೆಗಳು. 2ರ ವರ್ಗವೂ 4, 2ರ ಎರಡರಷ್ಟೂ 4. ಎಕ್ಸ್ ವರ್ಗಕ್ಕೂ 2ಎಕ್ಸ್‌ಗೂ ವ್ಯತ್ಯಾಸ ತಿಳಿಯದವನು 2 ಹಾಕಿ ನೋಡಿದರೆ ತಾನೇ ಸರಿ ಎಂದುಕೊಳ್ಳುತ್ತಾನೆ. (ಎ + ಬಿ)² ಎಂದರೆ ಎ² + ಬಿ² ಎಂದು ನಂಬಿದವನು ಬಿ ಜಾಗದಲ್ಲಿ 0 ಹಾಕಿದರೂ ಹಾಗೆಯೇ. 16ರ ಕೆಳಗೆ 64 ಬರೆದು ಮೇಲಿನ ಆರಕ್ಕೂ ಕೆಳಗಿನ ಆರಕ್ಕೂ ಗೀಟು ಹೊಡೆದರೆ ಕಾಲು ಎಂಬ ಸರಿಯುತ್ತರವೇ ಬರುತ್ತದೆ. ತಪ್ಪು ದಾರಿಯಲ್ಲಿ ಹೋದರೂ ಊರು ಸಿಗುವ ಇಂಥ ಲೆಕ್ಕಗಳನ್ನು ಬಲ್ಲವರು ಬೇಕೆಂದೇ ದೂರ ಇಡುತ್ತಾರೆ. ತರಗತಿಗೆ ಬರುವ ಮುಂಚೆ ಹತ್ತು ಲೆಕ್ಕ ಆರಿಸಿಕೊಳ್ಳಲು ಅವರು ಎಷ್ಟು ಹೊತ್ತು ಕೂತಿದ್ದರು ಎನ್ನುವುದು ಬೆಂಚಿನಲ್ಲಿ ಕೂತವರಿಗೆ ಗೊತ್ತಾಗುವುದೇ ಇಲ್ಲ.

ಎರಡನೆಯದು ಸಮ ಚಿಹ್ನೆ. "ಆ ಕಡೆ ಹೋದರೆ ಪ್ಲಸ್ಸು ಮೈನಸ್ಸಾಗುತ್ತೆ" ಎಂಬ ವಾಕ್ಯವನ್ನು ನಮ್ಮಲ್ಲಿ ಕೇಳದೆ ದೊಡ್ಡವರಾದವರಿಲ್ಲ. ಏಳನೇ ಎಂಟನೇ ತರಗತಿಯಲ್ಲಿ ಅದು ಕೆಲಸ ನಡೆಸಿಕೊಡುತ್ತದೆ. ಕಾಲೇಜಿನಲ್ಲಿ ಅದೇ ಕಾಲಿಗೆ ತೊಡರುತ್ತದೆ, ಏಕೆಂದರೆ ನಿಜವಾಗಿ ಯಾವುದೂ ಎಲ್ಲಿಗೂ ಹೋಗುವುದಿಲ್ಲ. ಎರಡೂ ಬದಿಗೆ ಒಂದೇ ಕೆಲಸ ಮಾಡಿರುತ್ತೇವೆ. ಹೀಗೆ ನೋಡುವುದನ್ನು ಕಲಿತವನಿಗೆ ಒಂದು ಹೊಸ ಪ್ರಶ್ನೆ ಕೇಳಲು ಬರುತ್ತದೆ: ನಾನು ಮಾಡಿದ ಈ ಕೆಲಸವನ್ನು ಹಿಂದಕ್ಕೆ ತಿರುಗಿಸಬಹುದೇ? ಕೂಡಿದ್ದನ್ನು ಕಳೆಯಬಹುದು. ವರ್ಗ ಮಾಡಿದ್ದನ್ನು ಹಿಂದಕ್ಕೆ ತರುವಾಗ ಎಚ್ಚರ ಬೇಕು. √(ಎಕ್ಸ್ + 2) = ಎಕ್ಸ್ ಎಂಬ ಸಮೀಕರಣ ತೆಗೆದುಕೊಳ್ಳಿ. ಎರಡೂ ಬದಿಯನ್ನು ವರ್ಗ ಮಾಡಿ ಅಪವರ್ತಿಸಿದರೆ 2 ಮತ್ತು –1 ಎಂಬ ಎರಡು ಉತ್ತರ ಬರುತ್ತವೆ. 2 ಸರಿ. –1 ಹಾಕಿದರೆ ಎಡಬದಿ 1, ಬಲಬದಿ –1. ಈ ಎರಡನೇ ಉತ್ತರ ಮೂಲ ಸಮೀಕರಣದಲ್ಲಿ ಇರಲೇ ಇಲ್ಲ, ವರ್ಗ ಮಾಡುವಾಗ ಒಳಗೆ ನುಸುಳಿತು. ಇದಕ್ಕೆ ಎದುರಾದ ಅಪಾಯವೂ ಉಂಟು. ಎಕ್ಸ್² = 3ಎಕ್ಸ್ ಎಂದಾಗ ಎರಡೂ ಬದಿಯನ್ನು ಎಕ್ಸ್‌ನಿಂದ ಭಾಗಿಸಿ 3 ಎಂದುಬಿಟ್ಟರೆ, 0 ಎಂಬ ಇನ್ನೊಂದು ಉತ್ತರ ಸದ್ದಿಲ್ಲದೆ ಕಳೆದುಹೋಯಿತು. ವರ್ಗ ಮಾಡಿದರೆ ಸುಳ್ಳು ಉತ್ತರ ಸೇರಬಹುದು, ಸೊನ್ನೆಯಾಗಬಹುದಾದದ್ದರಿಂದ ಭಾಗಿಸಿದರೆ ನಿಜವಾದ ಉತ್ತರ ಹೋಗಬಹುದು. ಅಸಮತೆಗಳಲ್ಲಿ ಋಣ ಸಂಖ್ಯೆಯಿಂದ ಗುಣಿಸಿದರೆ ಚಿಹ್ನೆ ತಿರುಗುವುದೂ ಇದೇ ಜಾತಿಯ ಎಚ್ಚರಿಕೆ. ಇವಿಷ್ಟನ್ನು ಜೋಡಿಯಾಗಿ, ಒಂದೇ ದಿನ, ಪಕ್ಕಪಕ್ಕದಲ್ಲಿ ಬರೆದು ತೋರಿಸಿದವರ ವಿದ್ಯಾರ್ಥಿಗಳು ಮುಂದೆ ಸೈನ್ ಎಕ್ಸ್ × ಕಾಸ್ ಎಕ್ಸ್ = ಸೈನ್ ಎಕ್ಸ್ ಎಂಬ ಸಮೀಕರಣ ಬಂದಾಗ ಸೈನ್ ಎಕ್ಸ್ ಅನ್ನು ಹೊಡೆದು ಹಾಕುವುದಿಲ್ಲ.

ಋಣ ಸಂಖ್ಯೆಗೆ ವರ್ಗಮೂಲ ಇಲ್ಲ ಎಂಬ ಮಾತು ಬರುವುದೂ ಈ ಹೊತ್ತಿಗೇ. ಕನ್ನಡ ನಾಡಿನ ತರಗತಿಯಲ್ಲಿ ಇಲ್ಲಿ ಒಂದು ನಿಮಿಷ ನಿಲ್ಲಲು ಒಳ್ಳೆಯ ಕಾರಣ ಇದೆ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯರು ರಚಿಸಿದ 'ಗಣಿತಸಾರಸಂಗ್ರಹ'ದಲ್ಲಿ ಇದು ಸ್ಪಷ್ಟವಾಗಿದೆ: ಋಣ ಸಂಖ್ಯೆ ಸ್ವಭಾವತಃ ಯಾವುದರ ವರ್ಗವೂ ಅಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ. ನಿಯಮದ ಜತೆಗೆ ಕಾರಣವನ್ನೂ ಅವರು ಹೇಳಿದ್ದಾರೆ. ಧನವನ್ನು ವರ್ಗ ಮಾಡಿದರೂ ಧನ, ಋಣವನ್ನು ವರ್ಗ ಮಾಡಿದರೂ ಧನ. ಇನ್ನು ಋಣ ಎಲ್ಲಿಂದ ಬರಬೇಕು? ಸಂಮಿಶ್ರ ಸಂಖ್ಯೆಗಳ ಅಧ್ಯಾಯ ಬರುವವರೆಗೆ ವಿದ್ಯಾರ್ಥಿಗೆ ಇಷ್ಟು ತಿಳಿದರೆ ಸಾಕು. ಎಕ್ಸ್²ದ ವರ್ಗಮೂಲವನ್ನು ಕಣ್ಣುಮುಚ್ಚಿ ಎಕ್ಸ್ ಎಂದು ಬರೆಯುವ ಚಾಳಿಯೂ ಇಲ್ಲೇ ಬಿಡಬೇಕು. ಎಕ್ಸ್ ಎಂದರೆ –5 ಆದಾಗ ಉತ್ತರ 5 ತಾನೇ?

ಬೀಜಗಣಿತದ ಪುನರವಲೋಕನದಲ್ಲಿ ನನಗೆ ಅತ್ಯಂತ ಇಷ್ಟವಾದ ಘಟ್ಟ ವರ್ಗ ಪೂರ್ಣಗೊಳಿಸುವುದು. ಎಕ್ಸ್² + 6ಎಕ್ಸ್ + 5 ಎಂಬುದನ್ನು (ಎಕ್ಸ್ + 1)(ಎಕ್ಸ್ + 5) ಎಂದು ಬರೆಯಬಹುದು, (ಎಕ್ಸ್ + 3)² – 4 ಎಂದೂ ಬರೆಯಬಹುದು. ಒಬ್ಬನೇ ಮನುಷ್ಯ ಪಂಚೆಯಲ್ಲಿ ಗದ್ದೆಗೂ ಪ್ಯಾಂಟಿನಲ್ಲಿ ಕಚೇರಿಗೂ ಹೋದ ಹಾಗೆ, ಕೆಲಸ ನೋಡಿ ವೇಷ. ಅಪವರ್ತನದ ರೂಪ ಎಲ್ಲಿ ಸೊನ್ನೆಯಾಗುತ್ತದೆ ಎಂದು ಹೇಳುತ್ತದೆ: –1ರಲ್ಲಿ, –5ರಲ್ಲಿ. ವರ್ಗದ ರೂಪ ಇನ್ನೊಂದು ಸುದ್ದಿ ಕೊಡುತ್ತದೆ: ವರ್ಗ ಎಂದೂ ಸೊನ್ನೆಗಿಂತ ಕಡಿಮೆಯಾಗದು, ಹಾಗಾಗಿ ಇಡೀ ಉಕ್ತಿ –4ಕ್ಕಿಂತ ಕೆಳಗೆ ಇಳಿಯದು, ಆ ಕನಿಷ್ಠ ಸಿಗುವುದು ಎಕ್ಸ್ –3 ಆದಾಗ. ಅವಕಲನ ಇನ್ನೂ ಶುರುವೇ ಆಗಿಲ್ಲ, ಆಗಲೇ ಒಂದು ಕನಿಷ್ಠ ಬೆಲೆ ಕೈಗೆ ಸಿಕ್ಕಿತು. ಮುಂದೆ ಅನುಕಲನದಲ್ಲಿ ಛೇದದಲ್ಲಿ ಎಕ್ಸ್² + 6ಎಕ್ಸ್ + 13 ಬಂದಾಗ ಅದು (ಎಕ್ಸ್ + 3)² + 4 ಎಂದು ಕಾಣದವನಿಗೆ ಲೆಕ್ಕ ಮುಂದೆ ಸಾಗುವುದಿಲ್ಲ. ಹತ್ತನೇ ತರಗತಿಯಲ್ಲಿ ಉತ್ತರ ತೆಗೆಯಲು ಮಾಡುತ್ತಿದ್ದ ಕೆಲಸವನ್ನೇ ಇಲ್ಲಿ ರೂಪ ಬದಲಿಸಲು ಮಾಡುತ್ತೇವೆ. ಈ ಎರಡು ವಾರದ ಬೀಜಗಣಿತದ ತಿರುಳು ಇದೇ.

ವರ್ಗ ಪೂರ್ಣಗೊಳಿಸುವಾಗ ಭಿನ್ನರಾಶಿಗಳು ಕಾಟ ಕೊಡುತ್ತವೆ. 3ಎಕ್ಸ್² + 5ಎಕ್ಸ್ = 2 ಎಂಬುದನ್ನು ಪುಸ್ತಕದ ರೀತಿಯಲ್ಲಿ 3ರಿಂದ ಭಾಗಿಸಿದರೆ ಮೂರನೇ ಎರಡು, ಆರನೇ ಐದು, ಮೂವತ್ತಾರನೇ ಇಪ್ಪತ್ತೈದು ಎಂದು ಹಾಳೆ ತುಂಬುತ್ತದೆ. ಇದಕ್ಕೆ ಶ್ರೀಧರಾಚಾರ್ಯರ ಬಳಿ ಬಲು ಸೊಗಸಾದ ಉಪಾಯವಿದೆ. 12ನೇ ಶತಮಾನದ ಭಾಸ್ಕರಾಚಾರ್ಯರು ತಮ್ಮ 'ಬೀಜಗಣಿತ'ದಲ್ಲಿ ಶ್ರೀಧರರ ಹೆಸರು ಹೇಳಿಯೇ ಅದನ್ನು ಉಳಿಸಿಕೊಟ್ಟಿದ್ದಾರೆ. ವರ್ಗಪದದ ಸಹಗುಣಕದ ನಾಲ್ಕರಷ್ಟರಿಂದ ಎರಡೂ ಬದಿಯನ್ನು ಗುಣಿಸಿ, ನಡುವಿನ ಪದದ ಮೂಲ ಸಹಗುಣಕದ ವರ್ಗವನ್ನು ಎರಡೂ ಬದಿಗೆ ಕೂಡಿ, ವರ್ಗಮೂಲ ತೆಗೆಯಿರಿ. ನಮ್ಮ ಲೆಕ್ಕದಲ್ಲಿ 12ರಿಂದ ಗುಣಿಸಿದರೆ 36ಎಕ್ಸ್² + 60ಎಕ್ಸ್ = 24. 25 ಕೂಡಿದರೆ ಎಡಬದಿ (6ಎಕ್ಸ್ + 5)², ಬಲಬದಿ 49. ಆದ್ದರಿಂದ 6ಎಕ್ಸ್ + 5 ಎಂದರೆ 7 ಅಥವಾ –7. ಎಕ್ಸ್ ಎಂದರೆ ಮೂರನೇ ಒಂದು ಅಥವಾ –2. ಕೊನೆಯ ಸಾಲಿನವರೆಗೆ ಒಂದು ಭಿನ್ನರಾಶಿಯೂ ತಲೆಹಾಕಲಿಲ್ಲ. ಇದನ್ನೇ ಎ, ಬಿ, ಸಿ ಅಕ್ಷರಗಳಿಗೆ ಮಾಡಿದರೆ (2ಎಎಕ್ಸ್ + ಬಿ)² = ಬಿ² – 4ಎಸಿ. ಎಲ್ಲರೂ ಬಾಯಿಪಾಠ ಮಾಡಿದ ಸೂತ್ರ ಮೂರೇ ಸಾಲಿನಲ್ಲಿ ಹುಟ್ಟಿತು, ಶೋಧಕ ಎಂಬ ಬಿ² – 4ಎಸಿ ಎಲ್ಲಿಂದ ಬಂತೆಂಬುದೂ ತಿಳಿಯಿತು. ನಮ್ಮ ಪಠ್ಯಪುಸ್ತಕಗಳು ಭಾಗಿಸುವ ದಾರಿಯನ್ನೇ ಏಕೆ ಹಿಡಿದಿವೆಯೋ ಕಾಣೆ. ಶ್ರೀಧರರ ದಾರಿ ಎಲ್ಲ ರೀತಿಯಿಂದಲೂ ಮೇಲು.

ಘಾತಾಂಕಗಳ ನಿಯಮ, ಬಹುಪದೋಕ್ತಿಗಳ ಭಾಗಾಕಾರ, ರೇಖಾ ಸಮೀಕರಣಗಳ ಜೋಡಿ ಇವೆಲ್ಲ ಅಭ್ಯಾಸದಿಂದ ಮರಳಿ ಬರುವಂಥವು. ಅವುಗಳಿಗೆ ಹಲಗೆಗಿಂತ ನೋಟ್‌ಬುಕ್ಕು ಮುಖ್ಯ. ತ್ರಿಕೋನಮಿತಿಯ ವಿಷಯ ಹಾಗಲ್ಲ. ಅಲ್ಲಿ ನೋಡುವ ಬಗೆಯೇ ಬದಲಾಗಬೇಕು.

ಹತ್ತನೇ ತರಗತಿಯಿಂದ ಬಂದವರ ಬಳಿ ಲಂಬಕೋನ ತ್ರಿಭುಜವಿದೆ, 0°, 30°, 45°, 60°, 90°ಗಳ ಕೋಷ್ಟಕವಿದೆ, 'ಸಮ್ ಪೀಪಲ್ ಹ್ಯಾವ್ ಕರ್ಲಿ ಬ್ರೌನ್ ಹೇರ್' ಎಂಬ ನೆನಪಿನ ಮಂತ್ರವಿದೆ. ಕನ್ನಡ ಮಾಧ್ಯಮದವರು ವಿಕರ್ಣ, ಅಭಿಮುಖ ಬಾಹು ಎಂದು ಕಲಿತು ಬಂದಿರುತ್ತಾರೆ. ಹೊಸ ತರಗತಿಯಲ್ಲಿ ಹೈಪಾಟೆನ್ಯೂಸ್ ಎಂದು ಕೇಳಿ ಬೆಚ್ಚುತ್ತಾರೆ. ಮೊದಲ ವಾರವಿಡೀ ಎರಡೂ ಹೆಸರನ್ನು ಒಟ್ಟಿಗೆ ಹೇಳುವ ಉಪನ್ಯಾಸಕಿ ದೊಡ್ಡ ಉಪಕಾರ ಮಾಡುತ್ತಾರೆ. ಆ ಕೋಷ್ಟಕವನ್ನು ಬಾಯಿಪಾಠದಿಂದ ಬಿಡಿಸುವುದು ಮೊದಲ ಕೆಲಸ. ಚೌಕವನ್ನು ಕರ್ಣದ ಗುಂಟ ಸೀಳಿದರೆ 45°ಯ ಎಲ್ಲ ಬೆಲೆ. ಸಮಬಾಹು ತ್ರಿಭುಜವನ್ನು ನಡುವೆ ಸೀಳಿದರೆ 30°, 60°ಯ ಎಲ್ಲ ಬೆಲೆ. ಎರಡು ಚಿತ್ರ ಬರೆಯಬಲ್ಲವನು ಕೋಷ್ಟಕವನ್ನು ಮರೆತರೆ ಏನೂ ನಷ್ಟವಿಲ್ಲ.

ಅನಂತರ ಮೇಡಂ ಕೇಳುತ್ತಾರೆ: "ಸೈನ್ 150° ಎಷ್ಟು?" ಲಂಬಕೋನ ತ್ರಿಭುಜದ ಒಳಗೆ 150° ಹಿಡಿಯುವುದೇ ಇಲ್ಲ. ಹಳೆಯ ವ್ಯಾಖ್ಯೆ ಇಲ್ಲಿಗೆ ಮುಗಿಯಿತು. ಒಂದು ಮಾನ ತ್ರಿಜ್ಯವಿರುವ ವೃತ್ತ ಬರೆದು, ಬಲಗಡೆಯ ಬಿಂದುವಿನಿಂದ ಗಡಿಯಾರಕ್ಕೆ ಎದುರಾಗಿ ಸುತ್ತುತ್ತ ಹೋದರೆ, ನಿಂತ ಬಿಂದುವಿನ ಅಡ್ಡದ ಅಳತೆ ಕಾಸ್, ಎತ್ತರದ ಅಳತೆ ಸೈನ್. 150°ಯಲ್ಲಿ ಎತ್ತರ 30°ಯಲ್ಲಿದ್ದಷ್ಟೇ, ಅಂದರೆ ಅರ್ಧ; ಅಡ್ಡ ಮಾತ್ರ ಎಡಗಡೆಗೆ ಸರಿದಿದೆ, ಆದ್ದರಿಂದ ಋಣ. 'ಆಲ್ ಸಿಲ್ವರ್ ಟೀ ಕಪ್ಸ್' ಎಂದು ಯಾವ ಕ್ವಾಡ್ರಂಟಿನಲ್ಲಿ ಯಾವುದು ಧನ ಎಂದು ಗಿಳಿಪಾಠ ಒಪ್ಪಿಸುವ ಅಗತ್ಯವೇ ಬೀಳದು. ಬಿಂದು ಎಲ್ಲಿದೆ ಎಂದು ನೋಡಿದರೆ ಸಾಕು. ಸೈನ್² + ಕಾಸ್² = 1 ಎಂಬುದೂ ಆ ವೃತ್ತದ ಮೇಲಿನ ಪೈಥಾಗೊರಸ್ ಪ್ರಮೇಯ. ಅದನ್ನು ಕಾಸ್²ದಿಂದ ಭಾಗಿಸಿದರೆ ಎರಡನೇ ನಿತ್ಯಸಮೀಕರಣ, ಸೈನ್²ದಿಂದ ಭಾಗಿಸಿದರೆ ಮೂರನೆಯದು. ಪುಸ್ತಕದ ಹಿಂಬದಿಯಲ್ಲಿ ಪುಟಗಟ್ಟಲೆ ಇರುವ ಸೂತ್ರಗಳಲ್ಲಿ ನಿಜವಾಗಿ ನೆನಪಿಡಬೇಕಾದವು ಇದು ಮತ್ತು ಎರಡು ಕೋನಗಳ ಮೊತ್ತದ ಸೂತ್ರಗಳು. ಇಮ್ಮಡಿ ಕೋನ, ಅರ್ಧ ಕೋನ, ಗುಣಲಬ್ಧವನ್ನು ಮೊತ್ತವಾಗಿಸುವುದು ಎಲ್ಲವೂ ಅವುಗಳ ಮಕ್ಕಳು, ಮೊಮ್ಮಕ್ಕಳು. ಸೈನ್ (ಎ + ಬಿ) ಎಂದರೆ ಸೈನ್ ಎ + ಸೈನ್ ಬಿ ಎನ್ನುವವರಿಗೆ ಮತ್ತೆ ಮೊದಲ ದಿನದ ಮದ್ದೇ: 30° ಮತ್ತು 60° ಹಾಕಿ. ಸೈನ್ 90° ಎಂದರೆ 1; ಬಿಡಿಬಿಡಿಯಾಗಿ ಕೂಡಿದರೆ 1.366.

ನಿತ್ಯಸಮೀಕರಣ ಸಾಧಿಸುವ ಲೆಕ್ಕಗಳು ವಿದ್ಯಾರ್ಥಿಗಳಿಗೆ ಕಣ್ಕಟ್ಟಿನಂತೆ ಕಾಣುತ್ತವೆ. (1 – ಕಾಸ್ ಥೀಟಾ) ಭಾಗಿಸು ಸೈನ್ ಥೀಟಾ ಎಂಬುದು, ಸೈನ್ ಥೀಟಾ ಭಾಗಿಸು (1 + ಕಾಸ್ ಥೀಟಾ) ಎಂಬುದಕ್ಕೆ ಸಮ ಎಂದು ತೋರಿಸಿ ಎಂದರೆ, ಅಂಶವನ್ನೂ ಛೇದವನ್ನೂ 1 + ಕಾಸ್ ಥೀಟಾದಿಂದ ಗುಣಿಸಬೇಕೆಂದು ಹೊಳೆಯುವುದು ಹೇಗೆ? ಇಲ್ಲಿ ಬಲ್ಲ ಮೇಷ್ಟ್ರು ಹಲಗೆಯ ಇನ್ನೊಂದು ಬದಿಗೆ ಹೋಗಿ ಒಂಬತ್ತನೇ ತರಗತಿಯ ಕರಣಿಗಳ ಲೆಕ್ಕ ಬರೆಯುತ್ತಾರೆ. √5 – √2 ಛೇದದಲ್ಲಿದ್ದರೆ ಏನು ಮಾಡುತ್ತಿದ್ದಿರಿ? √5 + √2ರಿಂದ ಗುಣಿಸಿ ಅಕರಣೀಕರಿಸುತ್ತಿದ್ದೆವು. ಏಕೆ? ಎ – ಬಿಯನ್ನು ಎ + ಬಿಯಿಂದ ಗುಣಿಸಿದರೆ ಎ² – ಬಿ² ಬರುತ್ತದೆ, ವರ್ಗ ಬಂದರೆ ಕರಣಿ ಹೋಗುತ್ತದೆ. ಇಲ್ಲಿಯೂ 1 – ಕಾಸ್² ಬರುತ್ತದೆ, ಅದು ಸೈನ್². ಉಪಾಯ ಒಂದೇ. ಮುಂದಿನ ತಿಂಗಳು ವರ್ಗಮೂಲದ ಅವಕಲನಾಂಕ ಕಂಡುಹಿಡಿಯುವಾಗ √(ಎಕ್ಸ್ + ಎಚ್) – √ಎಕ್ಸ್ ಬರುತ್ತದೆ. ಅಲ್ಲಿಯೂ ಇದೇ ಗುಣಾಕಾರ. ಸೈನ್‌ನ ಅವಕಲನಾಂಕಕ್ಕೆ ಹೊರಟರೆ ಮೊತ್ತದ ಸೂತ್ರ ಬೇಕು, ಜತೆಗೆ 1 – ಕಾಸ್ ಎಚ್ ಎಂಬುದು ಎದುರಾಗುತ್ತದೆ, ಮತ್ತೆ ಇದೇ. ಕರಣಿಯ ಪಾಠ, ತ್ರಿಕೋನಮಿತಿಯ ಪಾಠ, ಮಿತಿಯ ಪಾಠ ಎಂದು ಬೇರೆ ಬೇರೆ ವರ್ಷ ಕಲಿತದ್ದರ ಒಳಗೆ ಓಡುವ ಎಳೆ ಒಂದೇ ಎಂದು ಹಲಗೆಯ ಮೇಲೆ ಕಂಡ ಗಳಿಗೆಯಲ್ಲಿ ಹಿಂದಿನ ಬೆಂಚಿನವರೂ ತಲೆಯೆತ್ತುತ್ತಾರೆ.

ಕೊನೆಗೆ ರೇಡಿಯನ್. 360ರಂಥ ಅನುಕೂಲದ ಸಂಖ್ಯೆ ಬಿಟ್ಟು 57.2958° ಎಂಬ ಒರಟು ಅಳತೆ ಏಕೆ ಎಂದು ಕೇಳುವ ವಿದ್ಯಾರ್ಥಿಯ ಪ್ರಶ್ನೆ ನ್ಯಾಯವಾದದ್ದು. ತ್ರಿಜ್ಯದಷ್ಟೇ ಉದ್ದದ ಕಂಸ ಕೇಂದ್ರದಲ್ಲಿ ಮಾಡುವ ಕೋನ ಎಂಬ ವ್ಯಾಖ್ಯೆಯಿಂದ ಅವನ ಸಂಶಯ ತೀರುವುದಿಲ್ಲ. ಅದಕ್ಕೆ 499ರ 'ಆರ್ಯಭಟೀಯ'ದ ಜ್ಯಾ (ತ್ರಿಜ್ಯದಿಂದ ಗುಣಿಸಿದ ಸೈನ್) ಕೋಷ್ಟಕಕ್ಕಿಂತ ಒಳ್ಳೆಯ ಉತ್ತರ ನಾನು ಕಂಡಿಲ್ಲ. ವೃತ್ತದ ಪರಿಧಿಯನ್ನು ಕಲೆಗಳಲ್ಲಿ, ಅಂದರೆ ಡಿಗ್ರಿಯ ಅರವತ್ತನೇ ಒಂದು ಭಾಗಗಳಲ್ಲಿ, ಅಳೆದರೆ 21,600. ಅದೇ ಕಲೆಯನ್ನು ಉದ್ದದ ಅಳತೆಯಾಗಿ ಹಿಡಿದು ತ್ರಿಜ್ಯವನ್ನೂ ಅಳೆದರೆ ಸುಮಾರು 3438. ಆರ್ಯಭಟರ ಕೋಷ್ಟಕ ನಿಂತಿರುವುದು ಈ ತ್ರಿಜ್ಯದ ಮೇಲೆ. ಕಂಸವನ್ನೂ ಜ್ಯಾವನ್ನೂ ಒಂದೇ ಮಾನದಲ್ಲಿ ಅಳೆಯುವ ಈ ನಡೆಯಲ್ಲಿ ರೇಡಿಯನ್ನಿನ ಜೀವಾಳ ಇದೆ. 225 ಕಲೆಗಳ, ಅಂದರೆ 3¾°ಗಳ ಅಂತರದಲ್ಲಿ 24 ಬೆಲೆಗಳನ್ನು ಅವರು ವ್ಯತ್ಯಾಸಗಳಾಗಿ ಕೊಡುತ್ತಾರೆ: 225, 224, 222, 219, ಹೀಗೆ. ಮೊದಲ ಸಾಲನ್ನು ನೋಡಿ. ಕಂಸ 225, ಅದರ ಜ್ಯಾ ಕೂಡ 225. ಕೋನ ಚಿಕ್ಕದಾದಾಗ ಬಾಗಿದ ಕಂಸಕ್ಕೂ ನೆಟ್ಟನೆಯ ಜ್ಯಾಕ್ಕೂ ವ್ಯತ್ಯಾಸ ಕಾಣದಷ್ಟು ಕಡಿಮೆ. ಎರಡನೆಯದರಲ್ಲಿ ಕಂಸ 450, ಜ್ಯಾ 449. ಆಗಲೇ ಒಂದು ಕಲೆ ಹಿಂದೆ ಬಿತ್ತು. 30°ಗೆ ಬಂದರೆ ಕಂಸ 1800, ಜ್ಯಾ 1719, ಅಂದರೆ 3438ರ ಸರಿಯಾಗಿ ಅರ್ಧ.

ಕಲನಶಾಸ್ತ್ರದಲ್ಲಿ ಸೈನ್ ಎಕ್ಸ್ ಅನ್ನು ಎಕ್ಸ್‌ನಿಂದ ಭಾಗಿಸಿ ಎಕ್ಸ್ ಸೊನ್ನೆಯ ಹತ್ತಿರ ಹೋದಾಗ ಸಿಗುವ ಮಿತಿ 1 ಎಂದು ಕಲಿಸುತ್ತಾರೆ. 225ರ ಜ್ಯಾ 225 ಎಂದು ಕಂಡವನಿಗೆ ಅದರಲ್ಲಿ ಆಶ್ಚರ್ಯವಿಲ್ಲ. ಡಿಗ್ರಿಯಲ್ಲಿ ಅಳೆದರೆ ಆ 1ರ ಬದಲು 0.01745 ಎಂಬ ಸಂಖ್ಯೆ ಬಂದು ಪ್ರತಿ ಅವಕಲನದ ಬೆನ್ನಿಗೂ ಅಂಟಿಕೊಳ್ಳುತ್ತದೆ. ರೇಡಿಯನ್ ಬೇಕಾದದ್ದು ಇದಕ್ಕೆ. ಕ್ಯಾಲ್ಕುಲೇಟರಿನಲ್ಲಿ ಸೈನ್ 30 ಒತ್ತಿ –0.988 ಬಂದಾಗ ಯಂತ್ರ ಕೆಟ್ಟಿದೆ ಎಂದು ಪಕ್ಕದವನಿಂದ ಸಾಲ ಕೇಳುವ ಎಂಜಿನಿಯರಿಂಗ್ ವಿದ್ಯಾರ್ಥಿ, ತಾನು ಕೇಳಿದ್ದು 30 ರೇಡಿಯನ್ನಿನ ಸೈನ್ ಎಂದು ತಿಳಿದು ಒಂದು ಗುಂಡಿ ಬದಲಿಸುವುದನ್ನು ಕಲಿಯುವುದೂ ಇದೇ ಪಾಠದಲ್ಲಿ.

ಇಷ್ಟನ್ನೂ ಎರಡು ವಾರದಲ್ಲಿ ಹಿಡಿಸುವುದು ಸುಲಭವಲ್ಲ. ಏನನ್ನು ಬಿಡಬೇಕು ಎಂದು ಗೊತ್ತಿರುವವರಿಗೆ ಮಾತ್ರ ಅದು ಸಾಧ್ಯ, ಅದು ಗೊತ್ತಾಗಬೇಕಾದರೆ ಮುಂದಿನ ಎರಡು ಮೂರು ವರ್ಷದ ಪಾಠವನ್ನು ಹಲವು ಸಲ ಕಲಿಸಿರಬೇಕು. ನಮ್ಮ ಕಾಲೇಜುಗಳ ವೇಳಾಪಟ್ಟಿಯಲ್ಲಿ ಆಗುವುದು ಇದಕ್ಕೆ ತಿರುಗುಮುರುಗು. ಹಿರಿಯರು ಅಂತಿಮ ವರ್ಷದ ತರಗತಿಗಳನ್ನು ಹಂಚಿಕೊಂಡ ಮೇಲೆ, ಬ್ರಿಡ್ಜ್ ಕೋರ್ಸು ಆ ವರ್ಷವಷ್ಟೇ ಸೇರಿದ ಕಿರಿಯರ, ಬಹಳ ಸಲ ಅತಿಥಿ ಉಪನ್ಯಾಸಕರ ಪಾಲಿಗೆ ಬೀಳುತ್ತದೆ. ಗಣಿತ ವಿಭಾಗದ ಮುಖ್ಯಸ್ಥರಲ್ಲಿ ಒಂದು ಕೋರಿಕೆ: ಬರುವ ಜೂನಿನಲ್ಲಿ ವೇಳಾಪಟ್ಟಿ ಹಾಕುವಾಗ, ಈ ಎರಡು ವಾರದ ಪೀರಿಯಡ್ಡುಗಳ ಎದುರು ನಿಮ್ಮದೇ ಹೆಸರು ಬರೆದುಕೊಳ್ಳಿ.